ಮೆಕ್ಸಿಕೊಗೆ ನೂರಕ್ಕೆ ಒಂಬತ್ತು

ಕಳೆದ ಡಿಸೆಂಬರ್ ಹತ್ತರ ಬೆಳಿಗ್ಗೆ ಹನ್ನೊಂದಕ್ಕೆ ಪೂನಮ್ ಸುಲೇಪೇಟದ ಹೊರಗಿನ ಒಂದು ತೊಗರಿ ಹೊಲದಲ್ಲಿ ಮೊದಲ ಗೂಟ ಬಡಿಯುತ್ತಿದ್ದಳು. ಸುತ್ತ ಏಳು ಗಂಡಸರು ನಿಂತಿದ್ದರು. ಏಳೂ ಜನಕ್ಕೆ ಆ ಗೂಟ ಬೇರೆ ಕಡೆ ಇರಬೇಕಿತ್ತು.

ಹೊಲದ ಮಾಲೀಕ, ಅವನ ಇಬ್ಬರು ತಮ್ಮಂದಿರು ಮತ್ತು ಬಾಜೂ ಹೊಲದ ಮೂವರಿಗೆ ಅದು ಬದುವಿನ ಹತ್ತಿರ ಬೇಕಿತ್ತು. ಅಲ್ಲಿ ತೊಗರಿ ಸೊರಗಿತ್ತು. ಏಳನೆಯವನು ವಿಮಾ ಕಂಪನಿಯ ಪ್ರತಿನಿಧಿ ಕಲೀಮ್. ಅವನ ಕಣ್ಣು ಹೊಲದ ನಟ್ಟನಡುವೆ ಇತ್ತು. ಅಲ್ಲಿ ಗಿಡ ಎದೆಯುದ್ದ ಬೆಳೆದು ಕಾಯಿ ಜೋತುಬಿದ್ದಿದ್ದವು.

“ಅಕ್ಕೋರ, ಬರೇ ನಾಕ್ ಹೆಜ್ಜಿ ಈ ಕಡಿ ಸರೀರಿ. ನಿಮ್ಮ ಗಂಟೇನ್ ಹೋಗ್ತದ?” ಎಂದ ಮಾಲೀಕ.

ಪೂನಮ್ ತಲೆ ಎತ್ತದೆ ಫೋನು ತೋರಿಸಿದಳು. ಸರ್ಕಾರದ ಆ್ಯಪ್ ಅದರಲ್ಲಿ ಎರಡು ಸಂಖ್ಯೆ ಕೊಟ್ಟಿತ್ತು: ಹೊಲದ ಮೂಲೆಯಿಂದ ಉದ್ದಕ್ಕೆ ನಲವತ್ತಮೂರು ಹೆಜ್ಜೆ, ಅಗಲಕ್ಕೆ ಹದಿನೇಳು. ಅಲ್ಲಿ ಚಿನ್ನ ಬೆಳೆದಿರಲಿ, ಜಾಲಿಕಂಟಿ ಇರಲಿ, ಗೂಟ ಅಲ್ಲೇ.

ಇದನ್ನು ಬೆಳೆ ಕಟಾವು ಪ್ರಯೋಗ ಎನ್ನುತ್ತಾರೆ. ಐದು ಮೀಟರಿನ ಚೌಕಕ್ಕೆ ಹಗ್ಗ ಕಟ್ಟಿ, ಒಳಗಿನ ಬೆಳೆ ಕೊಯ್ದು, ಬಡಿದು, ಕಾಳು ತೂಗುವುದು. ಇಂಥ ನಾಲ್ಕು ಚೌಕಗಳ ತೂಕದಿಂದ ಇಡೀ ಪಂಚಾಯಿತಿಯ ಇಳುವರಿ ಎಷ್ಟೆಂದು ಸರ್ಕಾರ ತೀರ್ಮಾನಿಸುತ್ತದೆ. ಕಡಿಮೆ ಬಿದ್ದರೆ ಊರಿಗೆಲ್ಲ ವಿಮೆ ಸಿಗುತ್ತದೆ, ಹೆಚ್ಚು ಬಿದ್ದರೆ ಕಂಪನಿಯವರು ನೆಮ್ಮದಿಯಾಗಿ ಮಲಗುತ್ತಾರೆ. ಹೀಗಾಗಿ ಆ ಇಪ್ಪತ್ತೈದು ಚದರ ಮೀಟರಿನ ಮೇಲೆ ಇರುವಷ್ಟು ಪ್ರೀತಿ ಚಿಂಚೋಳಿ ತಾಲ್ಲೂಕಿನಲ್ಲಿ ಬೇರಾವ ಜಾಗದ ಮೇಲೂ ಯಾರಿಗೂ ಇಲ್ಲ. ಚೌಕ ಸರಿಸಲು ಎಂಟು ವರ್ಷಗಳಲ್ಲಿ ಪೂನಮ್‌ಗೆ ಜವಾರಿ ಕೋಳಿ, ಇಳಕಲ್ ಸೀರೆ, ಸೊಸೈಟಿಯಲ್ಲಿ ಸದಸ್ಯತ್ವ ಮತ್ತು ನಾದಿನಿಗೆ ಒಬ್ಬ ವರ ಬಂದಿದ್ದಾರೆ. ಎರಡು ಸಲ ನಾಯಿ ಬಿಟ್ಟಿದ್ದೂ ಉಂಟು. ಚೌಕ ಸರಿದಿಲ್ಲ. ನಾದಿನಿ ಬೇರೆ ಕಡೆ ಮದುವೆಯಾದಳು.

ಮೂವತ್ತಾರು ವರ್ಷದ ಪೂನಮ್ ಕಲಬುರಗಿಯಲ್ಲಿ ಸಂಖ್ಯಾಶಾಸ್ತ್ರ ಓದಿದವಳು. ಗಂಡ ಕಪಿಲ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಚೀಲ ತುಂಬುವ ವಿಭಾಗದಲ್ಲಿದ್ದಾನೆ. ಶನಿವಾರ ಮನೆಗೆ ಬರುತ್ತಾನೆ, ಬರುವಾಗ ಅಂಗಿಯಲ್ಲೇ ಅರ್ಧ ಚೀಲ ತರುತ್ತಾನೆ ಎಂದು ಅವನ ತಾಯಿ ಶಿವಕಾಂತಮ್ಮನವರ ತಕರಾರು. ಉಳಿದ ದಿನಗಳಲ್ಲಿ ಚಿಂಚೋಳಿಯ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಪೂನಮ್‌ಳದು ಹೊರಗುತ್ತಿಗೆಯ ನೌಕರಿ. ಪ್ರತಿ ಮಾರ್ಚ್ ಮೂವತ್ತೊಂದಕ್ಕೆ ಮುಗಿದು ಏಪ್ರಿಲ್‌ನಲ್ಲಿ ಮತ್ತೆ ಹುಟ್ಟುತ್ತಿತ್ತು. ಈ ಸಲ ಹುಟ್ಟುವುದಿಲ್ಲ ಎಂದು ಕಚೇರಿಯಲ್ಲಿ ಮಳೆಗಾಲದಲ್ಲೇ ಬಾಯಿಮಾತಿನಲ್ಲಿ ಹೇಳಿದ್ದರು. ಮುಂದೆ ಇಳುವರಿಯನ್ನು ಉಪಗ್ರಹ ನೋಡಿಕೊಳ್ಳುತ್ತದಂತೆ. ಉಪಗ್ರಹಕ್ಕೆ ಯಾರೂ ನಾಯಿ ಬಿಡಲಾರರು ಎಂಬುದಷ್ಟೇ ಪೂನಮ್ ಅಂದದ್ದು.

ಆದರೆ ಬೇರೊಂದು ನೌಕರಿಯ ಬಾಗಿಲು ಆಗಲೇ ಅರ್ಧ ತೆರೆದಿತ್ತು. ಅದನ್ನು ತೋರಿಸಿದವನು ಕಲೀಮ್.

ಕಾಳು ಬಡಿದು ಮುಗಿಯುವವರೆಗೆ ಸರ್ಕಾರದವಳೂ ಕಂಪನಿಯವನೂ ಹೊಲ ಬಿಟ್ಟು ಕದಲುವಂತಿಲ್ಲ. ಇಬ್ಬರೂ ಒಂದೇ ಬೇವಿನ ಮರದ ಕೆಳಗೆ ಎರಡೆರಡು ತಾಸು ಕೂರುತ್ತಾರೆ. ಹಿಂದಿನ ವರ್ಷ ಹಾಗೆ ಕೂತಾಗ ಕಲೀಮ್ ಒಂದು ವಿದೇಶಿ ಜಾಲತಾಣ ತೆಗೆದು ತೋರಿಸಿದ್ದ. ಲೋಕದಲ್ಲಿ ಮುಂದೇನಾಗುತ್ತದೆ ಎಂದು ಅಲ್ಲಿ ಪ್ರಶ್ನೆ ಕೇಳುತ್ತಾರೆ. ಆಗುವ ಸಂಭವ ನೂರಕ್ಕೆ ಎಷ್ಟು ಎಂದು ಜನ ಅಂಕಿ ಬರೆಯುತ್ತಾರೆ. ಜೂಜಲ್ಲ, ರೊಕ್ಕ ಹಚ್ಚುವ ಹಂಗಿಲ್ಲ, ಅಂಕಗಳಷ್ಟೇ. ವರ್ಷದ ಕೊನೆಗೆ ಮೊದಲ ಇಪ್ಪತ್ತು ಮಂದಿಯನ್ನು ಒಂದು ವರ್ಷದ ಸಂಬಳದ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ಮನೆಯಲ್ಲೇ ಕೂತು ಇದನ್ನೇ ಮಾಡುವ ಕೆಲಸ.

ಕಲೀಮ್ ಸ್ವತಃ ನಾನೂರ ಚಿಲ್ಲರೆಯ ಸ್ಥಾನದಲ್ಲಿದ್ದ. ಹತ್ತು ಪ್ರಶ್ನೆಗಳಿಗೆ ಹತ್ತಕ್ಕೂ ನೂರಕ್ಕೆ ನೂರು ಎಂದು ಬರೆದವನು ಅಷ್ಟರಲ್ಲಿ ನಿಂತದ್ದೇ ಹೆಚ್ಚು. ಪೂನಮ್ ಮಾತ್ರ ಅಕ್ಟೋಬರ್ ಕೊನೆಗೆ ಹನ್ನೊಂದನೆಯ ಸ್ಥಾನಕ್ಕೆ ಬಂದಿದ್ದಳು. ಅವಳ ವಿದ್ಯೆಯಲ್ಲಿ ಗುಟ್ಟೇನೂ ಇರಲಿಲ್ಲ. ಇಂಥದ್ದು ಆಗಿಯೇ ಆಗುತ್ತದೆ ಎಂದು ಯಾರಾದರೂ ಗಟ್ಟಿಯಾಗಿ ಹೇಳಿದರೆ, ಅದು ಆದರೆ ಅವನಿಗೇನು ಲಾಭ ಎಂದು ಮೊದಲು ನೋಡುತ್ತಿದ್ದಳು. ಹೊಲದ ಬದುವಿನಲ್ಲಿ ನಿಂತು ಎಂಟು ವರ್ಷ ಕಲಿತದ್ದು ಅದನ್ನೇ.

ಸೆಪ್ಟೆಂಬರ್ ಮೊದಲ ವಾರ ಆ ತಾಣದಲ್ಲಿ ವರ್ಷದ ದೊಡ್ಡ ಪ್ರಶ್ನೆ ಬಂತು. ಡಿಸೆಂಬರ್ ಮೂವತ್ತೊಂದರೊಳಗೆ ಅಮೆರಿಕದ ಸೈನ್ಯ ಮೆಕ್ಸಿಕೊ ನೆಲದ ಮೇಲಿನ ಮಾದಕವಸ್ತು ಗ್ಯಾಂಗುಗಳ ಮೇಲೆ ದಾಳಿ ಮಾಡುತ್ತದೆಯೇ? ಉಳಿದ ಪ್ರಶ್ನೆಗಳೆಲ್ಲ ವಾರದಲ್ಲಿ ಮುಗಿಯುವಂಥವು. ಇದೊಂದು ನಾಲ್ಕು ತಿಂಗಳಿನದು, ಅಂಕಗಳೂ ಮೂರು ಪಟ್ಟು.

ಆಗಷ್ಟೇ ಅಮೆರಿಕದವರು ಮಾದಕವಸ್ತು ಸಾಗಿಸುತ್ತಿವೆ ಎಂದು ಸಮುದ್ರದಲ್ಲಿ ದೋಣಿ ಸುಡಲು ಶುರು ಮಾಡಿದ್ದರು. ಟಿವಿಯವರು ನಕಾಶೆ ಹರವಿ ಬಾಣ ಎಳೆಯುತ್ತಿದ್ದರು. ಪೂನಮ್ ಟಿವಿ ಆರಿಸಿ ಒಂದು ಪಟ್ಟಿ ಮಾಡಿದಳು. ದೊಡ್ಡ ದೇಶವೊಂದು ಪಕ್ಕದ ದೇಶಕ್ಕೆ ಬಹಿರಂಗವಾಗಿ ಗುಡುಗಿದ ಮೂವತ್ತಮೂರು ಸಂದರ್ಭ ಅವಳಿಗೆ ಸಿಕ್ಕವು. ಆರು ತಿಂಗಳೊಳಗೆ ಹೊಡೆದದ್ದು ಮೂರು ಸಲ. ನೂರು ವರ್ಷದ ಹಿಂದೆ ಅಮೆರಿಕದ ಸೈನ್ಯ ಒಬ್ಬನನ್ನು ಹಿಡಿಯಲು ಮೆಕ್ಸಿಕೊ ಒಳಗೆ ಹೊಕ್ಕು, ತಿಂಗಳುಗಟ್ಟಲೆ ಹುಡುಕಿ, ಅವನು ಸಿಗದೆ ವಾಪಸ್ ಹೋದದ್ದನ್ನೂ ಓದಿಕೊಂಡಳು. ಕೊನೆಗೆ ನೂರಕ್ಕೆ ಒಂಬತ್ತು ಎಂದು ಬರೆದು ಫೋನು ಮುಚ್ಚಿದಳು.

ಚಿಂಚೋಳಿಯಲ್ಲಿ ಇದಕ್ಕೆ ಭಾರಿ ವಿರೋಧವಿತ್ತು. ಬಸ್ ನಿಲ್ದಾಣದ ಎದುರಿಗೆ ಭೀಮಶ್ಯಾನ ಹೋಟೆಲು ಇದೆ. ಬೆಳಗಿನ ಮಂಡಕ್ಕಿ ಸುಸಲಾ, ಮಿರ್ಚಿಗೆ ಹೆಸರಾದದ್ದು. ಲೋಕದ ಬಹುಪಾಲು ಯುದ್ಧಗಳು ಅಲ್ಲಿ ಒಂಬತ್ತು ಗಂಟೆಯೊಳಗೆ ಇತ್ಯರ್ಥವಾಗುತ್ತವೆ. ಐವತ್ತು ದಾಟಿದ ಭೀಮಶ್ಯಾ ಗಲ್ಲೆಯ ಮೇಲೆ ಕೂತು ಸೇನಾಪತಿಯ ಕೆಲಸವನ್ನೂ ನೋಡಿಕೊಳ್ಳುತ್ತಾನೆ. ಅವನ ಲೆಕ್ಕದಲ್ಲಿ ದಸರೆಯೊಳಗೆ ದಾಳಿ ಪಕ್ಕಾ ಇತ್ತು. ದಸರೆ ಹೋಯಿತು. ದೀಪಾವಳಿಗೆ ಮುಂದೂಡಿದ. ಬಸ್ಸಿಗೆ ಕಾಯುತ್ತ ಚಹಾ ಕುಡಿಯುವ ಪೂನಮ್‌ಳನ್ನು ಕಂಡಾಗಲೆಲ್ಲ ಕೆಣಕುತ್ತಿದ್ದ.

“ಮೇಡಂ, ನೀರಾಗಿನ ದೋಣಿ ಬಿಡದಾವ ನೆಲದ ಮ್ಯಾಲಿನವ್ರಿಗೆ ಬಿಡ್ತಾನೇನ್ರಿ?”

“ಅಣ್ಣಾ, ತೆಲಂಗಾಣದ ಗಡಿ ಆಚಿಂದ ನಮ್ಮ ಕಡಿ ಸೇಂದಿ ಬರ್ತದಲ. ನಮ್ಮ ಪೊಲೀಸರು ತಾಂಡೂರಿಗೆ ನುಗ್ಗಿ ಹೊಡೀತಾರೇನು?”

“ಅದು ಬ್ಯಾರೆ.”

“ಹ್ಯಾಂಗ ಬ್ಯಾರೆ?”

 ಭೀಮಶ್ಯಾನಿಗೂ ಆರು ಎಕರೆ ತೊಗರಿ ಇದೆ. “ತಾಂಡೂರಿನಾಗ ನಾವು ತೊಗರಿ ಮಾರ್ತೀವಲ್ರಿ,” ಎಂದ.

“ಅವ್ರೂ ಮೆಕ್ಸಿಕೊದಾಗ ಮಾರ್ತಾರ, ಅಣ್ಣಾ. ನಮಕಿಂತ ಜಾಸ್ತಿ.”

ಹೋಟೆಲಿನ ಜನ ನಕ್ಕರು. ಆದರೂ ಮತ ಹಾಕಿಸಿದರೆ ದಾಳಿಯ ಕಡೆಗೇ ಹೆಚ್ಚು ಬೀಳುತ್ತಿತ್ತು. ಸುಸಲಾ ತಿನ್ನುವ ಹೊತ್ತಿಗೆ ಒಂದು ಯುದ್ಧವಾದರೂ ನಡೆಯುತ್ತಿರಬೇಕು ಎಂಬುದು ಅಲ್ಲಿನವರ ಬೇಡಿಕೆ.

ದೀಪಾವಳಿಯೂ ಹೋಯಿತು, ದಾಳಿ ಆಗಲಿಲ್ಲ. ಪೂನಮ್ ಬರೆದದ್ದು ಸರಿಯಾಗುತ್ತಲೇ ಹೋಯಿತು, ಅವಳ ಸ್ಥಾನ ಮಾತ್ರ ಇಳಿಯುತ್ತಲೇ ಹೋಯಿತು. ನವೆಂಬರ್ ನಡುವೆ ಹದಿನಾರು. ಡಿಸೆಂಬರ್ ಒಂದಕ್ಕೆ ಇಪ್ಪತ್ತನಾಲ್ಕು. ಸುಲೇಪೇಟದ ಗೂಟ ಬಡಿದ ದಿನ ಇಪ್ಪತ್ತೆಂಟು. ತಾಣದವರಲ್ಲೇ ಏನೋ ತಪ್ಪಿರಬೇಕು ಎಂದು ಅವಳು ಅಂದುಕೊಂಡಿದ್ದಳು. ಅಂಕಿಗಳ ವಿಷಯದಲ್ಲಿ ತನ್ನ ತಪ್ಪು ಹುಡುಕಿ ಅವಳಿಗೆ ಅಭ್ಯಾಸವಿರಲಿಲ್ಲ.

ಆ ದಿನ ಕೊಯ್ಲು ಮುಗಿದು ಹೆಣ್ಣಾಳುಗಳು ಕಾಳು ಬಡಿಯುತ್ತಿದ್ದಾಗ ಕಲೀಮ್ ಬೇವಿನ ಕೆಳಗೆ ಅವಳ ಫೋನು ಇಸಕೊಂಡು ನೋಡಿದ. ಮೆಕ್ಸಿಕೊ ಪ್ರಶ್ನೆಯ ಕೆಳಗೆ ಪ್ರತಿಯೊಬ್ಬರ ಅಂಕಿ ದಿನದಿನಕ್ಕೆ ಹೇಗೆ ನಡೆದಿದೆ ಎಂಬ ಗೆರೆ ಇರುತ್ತದೆ. ಎಲ್ಲರ ಗೆರೆಯೂ ಸೆಪ್ಟೆಂಬರ್‌ನಿಂದ ಇಳಿಜಾರಿನಂತೆ ಕೆಳಗೆ ಬಂದಿತ್ತು.

“ಮೇಡಂ, ನಿಮ್ಮ ಗೆರಿ ಶಹಾಬಾದ್ ಫರಸಿಕಲ್ಲು ಇದ್ದಂಗ ಸಪಾಟ ಅದಲ್ರಿ. ನೀವು ಒಮ್ಮಿನೂ ಬದಲಿ ಮಾಡಿಲ್ಲೇನು?”

“ಬರದ ಅಂಕಿ ಯಾಕ ಬದಲಿ ಮಾಡಬೇಕು, ಕಲೀಮ್ ಭಾಯ್?”

ಕಲೀಮ್ ಫೋನಿನಲ್ಲಿ ತಾಣದ ನಿಯಮಗಳ ಪುಟ ತೆಗೆದ. ಒಂದೊಂದಾಗಿ ಓದಿ ಹೇಳಿದ. ಅಂಕಗಳನ್ನು ಕೊನೆಯ ದಿನವೊಂದೇ ಅಲ್ಲ, ಪ್ರತಿದಿನವೂ ಕೊಡುತ್ತಾರೆ. ದಾಳಿ ಆಗುವವರೆಗೆ ಉತ್ತರ ‘ಇಲ್ಲ’ ಎಂದೇ ಹಿಡಿದು, ಆ ದಿನದ ಅಂಕಿ ಅದಕ್ಕೆ ಎಷ್ಟು ಹತ್ತಿರವಿತ್ತು ಎಂದು ನೋಡುತ್ತಾರೆ. ಸೆಪ್ಟೆಂಬರ್‌ನಲ್ಲಿ ನಾಲ್ಕು ತಿಂಗಳು ಬಾಕಿ ಇದ್ದಾಗ ಒಂಬತ್ತು ಸರಿ. ಮೂರು ವಾರ ಬಾಕಿ ಉಳಿದಾಗಲೂ ಅದೇ ಒಂಬತ್ತು ಎಂದರೆ ಮೂರ್ಖತನ. ಉಳಿದವರು ಐದಕ್ಕೆ, ಮೂರಕ್ಕೆ, ಎರಡಕ್ಕೆ ಇಳಿದಿದ್ದರು. ವಾರದ ಪ್ರಶ್ನೆಗಳಲ್ಲಿ ಇದು ಲೆಕ್ಕಕ್ಕೆ ಬಂದಿರಲಿಲ್ಲ. ಈ ಉದ್ದದ ಪ್ರಶ್ನೆಯಲ್ಲಿ ಅವಳು ದಿನಾ ಒಂದಿಷ್ಟು ಸೋಲುತ್ತಿದ್ದಳು. ಈಗಲೇ ತಿದ್ದಿದರೆ ಇಪ್ಪತ್ತರೊಳಗೆ ಬರಬಹುದು ಎಂದ.

“ತಿದ್ದಾಂಗಿಲ್ರಿ,” ಎಂದಳು ಪೂನಮ್.

“ಇಲ್ಲಿ ಯಾರ್ ಸಸ್ಪೆಂಡ್ ಮಾಡ್ತಾರ್ರಿ ನಿಮಗ? ಅಮೆರಿಕಾದ ತಹಶೀಲ್ದಾರ?”

ಅವಳು ಎದ್ದು ಕಾಳಿನ ತೂಕ ನೋಡಲು ಹೋದಳು.

ಈ ಹಟಕ್ಕೆ ಒಂದು ಮೂಲವಿದೆ. ಪೂನಮ್ ಕೆಲಸಕ್ಕೆ ಸೇರಿದ ವರ್ಷ ಅವಳಿಗೆ ತರಬೇತಿ ಕೊಟ್ಟವರು ವಿಠ್ಠಲ ಎಂಬ ಅಂಕಿಸಂಖ್ಯೆ ಇಲಾಖೆಯ ಇನ್‌ಸ್ಪೆಕ್ಟರು. ಸಂಖ್ಯೆ ಒಮ್ಮೆ ಬಿದ್ದ ಮೇಲೆ ಸಾಕ್ಷಾತ್ ದೇವರು ಬಂದು ಹೊಲದಲ್ಲಿ ನಿಂತರೂ ಬದಲಿಸಬಾರದು ಎಂದು ಅವರು ಹೇಳುತ್ತಿದ್ದರು. ನಮೂನೆಯಲ್ಲಿ ತಿದ್ದುಪಡಿ ಮಾಡಬೇಕೆಂದರೆ ಒಂದೇ ಗೀಟು ಎಳೆದು, ಕಾರಣ ಬರೆದು, ರೈತ, ಕಂಪನಿಯವ, ಮೇಲಧಿಕಾರಿ ಮೂವರ ಸಹಿ ಪಡೆಯಬೇಕು. ಒಂದು ಏಳರ ಮೇಲೆ ಪೆನ್ನು ಎರಡು ಸಲ ಆಡಿದೆ ಎಂದು ಅವರು ಇಡೀ ನಮೂನೆ ತಿರಸ್ಕರಿಸಿದ್ದನ್ನು ಪೂನಮ್ ಕಣ್ಣಾರೆ ಕಂಡಿದ್ದಳು. ಎಂಟು ವರ್ಷಗಳಲ್ಲಿ ಅವಳ ಯಾವ ನಮೂನೆಯ ಮೇಲೂ ಒಂದು ಗೀಟು ಬಿದ್ದಿಲ್ಲ. ತಾಲ್ಲೂಕಿನಲ್ಲಿ ಹಾಗೆ ಹೇಳಿಕೊಳ್ಳಬಲ್ಲವಳು ಅವಳೊಬ್ಬಳೇ, ಮತ್ತು ಅವಳು ಅದನ್ನು ಆಗಾಗ ಹೇಳಿಕೊಳ್ಳುತ್ತಿದ್ದಳು.

ಮನೆಯಲ್ಲಿ ಶಿವಕಾಂತಮ್ಮ ಮೆಕ್ಸಿಕೊ ವಿಚಾರವನ್ನು ಮೊದಲಿನಿಂದ ಬಲ್ಲವರು. ಸೊಸೆಯ ಮುಂದಿನ ನೌಕರಿ ಆ ಹೊಡೆದಾಟದ ಮೇಲೆ ನಿಂತಿದೆ ಎಂದು ತಿಳಿದಾಗಿನಿಂದ ದಿನಾ ಸಂಜೆ ಕೇಳುತ್ತಿದ್ದರು: ಹೊಡದ್ರೇನು? ಇಲ್ಲ ಎಂದರೆ ಒಲೆಯ ಕಡೆ ತಿರುಗುತ್ತಿದ್ದರು. ಆ ಸಂಜೆ ಪೂನಮ್ ನಡೆದದ್ದನ್ನು ಹೇಳಿದಾಗ ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಮೂರು ತಿಂಗಳಾತು, ಆ ಅಮೆರಿಕಾದಾವ ಹೊಡೀತೀನಿ ಹೊಡೀತೀನಿ ಅನ್ನಾಕತ್ತಾನ. ನಮ್ಮ ಓಣ್ಯಾಗ ಹಿಂಗ ಅಂದವ್ರು ಯಾರೂ ಹೊಡದಿಲ್ಲವ್ವ. ಹೊಡಿಯಾವ್ರು ಹೇಳಲ್ಲ. ನೀ ಒಂಬತ್ತು ಬರದದ್ದೇ ಜಾಸ್ತಿ ಆತು.”

ಶನಿವಾರ ಕಪಿಲ ಬಂದ. ಅವನ ಪ್ರಕಾರ ಇದರಲ್ಲಿ ಯೋಚಿಸಲು ಏನೂ ಇರಲಿಲ್ಲ. ಅವನ ಕಾರ್ಖಾನೆಯಲ್ಲಿ ಇವತ್ತು ಇಷ್ಟು ಚೀಲ ಎಂಬ ಅಂಕಿಯನ್ನು ಹಲಗೆಯ ಮೇಲೆ ಪಾಳಿಗೆ ಮೂರು ಸಲ ಅಳಿಸಿ ಬರೆಯುತ್ತಾರೆ, ಯಾರೂ ಸತ್ತಿಲ್ಲ. ಪೂನಮ್ ಅದಕ್ಕೇ ನಿಮ್ಮ ಚೀಲದಲ್ಲಿ ತೂಕ ಕಡಿಮೆ ಇರುತ್ತದೆ ಎಂದಳು. ಕಪಿಲ ಊಟ ಮುಗಿಸಿ ಎದ್ದ. ಅಷ್ಟರಲ್ಲಿ ಅವಳು ಮೂವತ್ತನೆಯ ಸ್ಥಾನಕ್ಕೆ ಇಳಿದಿದ್ದಳು.

ಮರುದಿನ, ಹದಿನಾಲ್ಕನೆಯ ತಾರೀಖು ಭಾನುವಾರ, ಬೆಳಗಿನ ಬಸ್ಸು ಹಿಡಿದು ಪೂನಮ್ ಸೇಡಂಗೆ ಹೋದಳು. ವಿಠ್ಠಲ ನಿವೃತ್ತರಾಗಿ ನಾಲ್ಕು ವರ್ಷವಾಗಿತ್ತು. ನಿವೃತ್ತಿ ಅವರ ಕೈಯಿಂದ ಇಲಾಖೆಯನ್ನು ಕಿತ್ತುಕೊಂಡಿತ್ತೇ ಹೊರತು ತಕ್ಕಡಿಯನ್ನಲ್ಲ. ಮನೆಗೆ ಬರುವ ಪ್ರತಿ ಗ್ಯಾಸ್ ಸಿಲಿಂಡರನ್ನು ಅವರು ಬಾಗಿಲಲ್ಲೇ ತೂಗಿ ಬರೆದಿಡುತ್ತಾರೆ. ಹಾಗಾಗಿ ಸಿಲಿಂಡರಿನವನು ಓಣಿಯ ಎಲ್ಲ ಮನೆ ಮುಗಿಸಿ ಕೊನೆಗೆ ತಮ್ಮಲ್ಲಿಗೆ ಬರುತ್ತಾನೆ, ಎಷ್ಟೋ ಸಲ ಬರುವುದೇ ಇಲ್ಲ ಎಂದು ಅವರ ಹೆಂಡತಿ ನರ್ಮದಾಬಾಯಿ ಕಾಫಿ ಕೊಡುತ್ತ ಹೇಳಿದರು.

ಪೂನಮ್ ವಿಷಯ ಹೇಳಿ ಮುಗಿಸುವ ತನಕ ವಿಠ್ಠಲ ಕಣ್ಣು ಮುಚ್ಚಿ ಕೇಳಿದರು. ಮೆಕ್ಸಿಕೊದಲ್ಲಿ ಅವರಿಗೆ ಆಸಕ್ತಿ ಇರಲಿಲ್ಲ. ಅಲ್ಲೇನು ಬೆಳೆಯುತ್ತಾರೆ ಎಂದು ಕೇಳಿದರು. ಮೆಕ್ಕೆಜೋಳ ಎಂದಾಗ ತಲೆ ಆಡಿಸಿದರು. ಅಮೆರಿಕದ ಅಧ್ಯಕ್ಷರ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಮೂವತ್ತಮೂರು ಸಂದರ್ಭಗಳನ್ನು ಹೇಗೆ ಆರಿಸಿದೆ ಎಂದು ಮಾತ್ರ ಹತ್ತು ನಿಮಿಷ ಪಾಟೀಸವಾಲು ಮಾಡಿ, ಎರಡನ್ನು ತೆಗೆದುಹಾಕಿಸಿದರು. ಆಮೇಲೆ ಕಣ್ಣು ತೆರೆದರು.

“ಹೊಲದಾಗ ಹಸಿ ತೂಕ ಬರದ ಮ್ಯಾಲ ಕಾಳು ಏನ್ ಮಾಡ್ತಿ?”

“ಒಣಗಿಸ್ತೀನ್ರಿ, ಸರ್.”

“ಯಾಕ?”

“ಅದರಾಗಿನ ನೀರು ಹೋಗಬೇಕಲ್ರಿ.”

“ಒಣಗಿದ ಮ್ಯಾಲ?”

“ಮತ್ತ ತೂಗ್ತೀನ್ರಿ.”

“ಕಮ್ಮಿ ಬರ್ತದ. ಆಗ ಹಸಿ ತೂಕದ ಮ್ಯಾಲ ಗೀಟು ಎಳೀತಿಯೇನು?”

“ಇಲ್ರಿ. ಬಾಜೂ ಕಾಲಮಿನಾಗ ಒಣ ತೂಕ ಅಂತ ಬರೀತೀನಿ.”

ವಿಠ್ಠಲ ಕಾಫಿ ಲೋಟ ಕೆಳಗಿಟ್ಟರು. “ಪ್ಲಾಟಿನ ನಂಬರ್ ಬದಲಿ ಮಾಡಬ್ಯಾಡ ಅಂದಿದ್ದೆ. ತೂಕ ಬದಲಿ ಮಾಡಬ್ಯಾಡ ಅಂತ ಯಾವಾಗ ಅಂದೆ? ಹಸಿ ಕಾಳು ಮುಂದಿಟ್ಕೊಂಡು ಮೂರು ತಿಂಗಳು ಕುಂತೀಯಲ್ಲ, ತಂಗಿ. ಭಾಳ ದಡ್ಡಿ ಇದ್ದಿ.”

ನರ್ಮದಾಬಾಯಿ ಒಳಗಿನಿಂದ, ಮನೆಗೆ ಬಂದವರಿಗೆ ಹಾಗೆಲ್ಲ ಅನ್ನಬಾರದು ಎಂದರು.

ಪ್ಲಾಟು ಎಂಬ ಚೌಕವೆಂದರೆ ಪ್ರಶ್ನೆ, ಅದು ಬದಲಾಗುವುದಿಲ್ಲ. ಒಂಬತ್ತು ಎಂದರೆ ಆ ದಿನದ ಹಸಿ ತೂಕ. ದಾಳಿಯಿಲ್ಲದೆ ಕಳೆದ ಒಂದೊಂದು ದಿನವೂ ಒಂದೊಂದು ಬಿಸಿಲು. ಇಷ್ಟನ್ನು ಸೇಡಂನಿಂದ ಹೊರಟ ಬಸ್ಸಿನಲ್ಲಿ ಪೂನಮ್ ತನಗೇ ಹೇಳಿಕೊಂಡಳು. ಹೊರಡುವಾಗ ವಿಠ್ಠಲ ಬಾಗಿಲವರೆಗೆ ಬಂದು ಇನ್ನೊಂದು ಮಾತು ಹೇಳಿದ್ದರು: ಸೊನ್ನೆ ಬರೆಯಬೇಡ, ಎಷ್ಟೇ ಒಣಗಿಸಿದರೂ ಕಾಳಿನೊಳಗೆ ಒಂದಿಷ್ಟು ನೀರು ಉಳಿದಿರುತ್ತದೆ. ಸುಲೇಪೇಟದಲ್ಲಿ ಬಸ್ಸು ನಿಂತಾಗ ಅವಳು ಫೋನು ತೆಗೆದು ಒಂಬತ್ತಿದ್ದುದನ್ನು ಎರಡೂವರೆ ಮಾಡಿದಳು.  

ಅಂದಿನಿಂದ ಅವಳು ದಿನಾ ಒಣಗಿಸತೊಡಗಿದಳು. ಒಂದು ನೋಟುಪುಸ್ತಕದಲ್ಲಿ ತಾರೀಖು, ಹಿಂದಿನ ಅಂಕಿ, ಹೊಸ ಅಂಕಿ, ಕಾರಣ ಎಂದು ನಾಲ್ಕು ಕಾಲಮು ಎಳೆದಳು. ಐದನೆಯದು ಸಾಕ್ಷಿಯದು. ಸಾಕ್ಷಿ ಇಲ್ಲದ ತೂಕ ಅವಳ ಮಟ್ಟಿಗೆ ತೂಕವೇ ಅಲ್ಲ. ಹೀಗಾಗಿ ಅಮೆರಿಕ ಮೆಕ್ಸಿಕೊ ಮೇಲೆ ಏರಿಹೋಗುವ ಸಂಭವ ಎರಡೂವರೆಯಿಂದ ಎರಡಕ್ಕೆ ಇಳಿದಿದೆ ಎಂಬುದಕ್ಕೆ ಚಿಂಚೋಳಿಯ ಶಿವಕಾಂತಮ್ಮ ಸಹಿ ಹಾಕಿದರು. ಸಾಕ್ಷರತಾ ಆಂದೋಲನದಲ್ಲಿ ಕಲಿತ ಅವರ ಸಹಿ ಎರಡು ಸಾಲು ತಿನ್ನುತ್ತಿತ್ತು. ಒಂದು ದಿನ ಸಹಿಗೆ ಮೊದಲು ಕಾರಣ ಓದಿ ಹೇಳೆಂದು ಹಟ ಹಿಡಿದರು. ಅಲ್ಲಿನ ಸಂಸತ್ತಿಗೆ ಕ್ರಿಸ್ಮಸ್ ರಜೆ ಎಂದು ಪೂನಮ್ ಓದಿದಳು. ರಜೆಯಲ್ಲೇ ಅಲ್ಲವೇ ಜನ ಜಗಳ ಮಾಡುವುದು, ಹಿಂದಿನ ಅಂಕಿಯೇ ಇರಲಿ ಎಂದು ಅವರು ಪೆನ್ನು ಕೆಳಗಿಟ್ಟರು. ಅತ್ತೆ ಒಪ್ಪದೆ ಆ ದಿನ ಒಂದೂವರೆ ಒಂದೂವರೆಯಾಗಿಯೇ ಉಳಿಯಿತು.

ಸ್ಥಾನ ಮೇಲೇರತೊಡಗಿತು. ಇಪ್ಪತ್ತೇಳು, ಇಪ್ಪತ್ತೈದು. ಕ್ರಿಸ್ಮಸ್ ಕಳೆದ ಮೇಲೆ ಇಪ್ಪತ್ತಮೂರು. ಕಲೀಮ್ ಈಗ ಹೊಲಕ್ಕೆ ಬಂದರೆ ಚೌಕ ಎಲ್ಲಿ ಬಿತ್ತು ಎಂದು ನೋಡುವ ಮೊದಲು ಅವಳ ಫೋನು ನೋಡುತ್ತಿದ್ದ. ಒಂದು ದಿನ ಅದೇ ಗಡಿಬಿಡಿಯಲ್ಲಿ ತೂಕದ ನಮೂನೆಗೆ ಓದದೆ ಸಹಿ ಮಾಡಿದ. ತೂಕ ಸರಿಯಾಗಿಯೇ ಇತ್ತು, ಪೂನಮ್ ಆದರೂ ಬೈದಳು. ಭೀಮಶ್ಯಾನ ಹೋಟೆಲಿನಲ್ಲಿ ದಾಳಿಯನ್ನು ಹೊಸ ವರ್ಷದ ಹಿಂದಿನ ದಿನಕ್ಕೆ ನಿಗದಿ ಮಾಡಲಾಗಿತ್ತು.

ಡಿಸೆಂಬರ್ ಮೂವತ್ತೊಂದು ಬುಧವಾರ ಪೂನಮ್ ಅರ್ಧ ಎಂದು ಬರೆದಳು. ನೂರಕ್ಕೆ ಅರ್ಧ. ಗಡುವು ಮುಗಿಯಿತು. ಮೆಕ್ಸಿಕೊ ನೆಲದ ಮೇಲೆ ದಾಳಿ ಆಗಲಿಲ್ಲ.

ಜನವರಿ ಎರಡರಂದು ತಾಣದವರು ಕೊನೆಯ ಪಟ್ಟಿ ಹಾಕಿದರು. ಪೂನಮ್ ಇಪ್ಪತ್ತೊಂದನೆಯವಳು. ಇಪ್ಪತ್ತನೆಯ ಸ್ಥಾನದಲ್ಲಿ ಪೋಲೆಂಡಿನ ಒಬ್ಬ ಹಲ್ಲಿನ ಡಾಕ್ಟರ್ ಇದ್ದ. ಇಬ್ಬರ ನಡುವಿನ ಅಂತರ ದಶಾಂಶದ ಮೂರನೆಯ ಮನೆಯಲ್ಲಿತ್ತು. ಕಲೀಮ್ ಕೂತು ಲೆಕ್ಕ ಹಾಕಿದ. ಬೇವಿನ ಕೆಳಗೆ ತಾನು ಹೇಳಿದ ದಿನವೇ ಅವಳು ಅಂಕಿ ಇಳಿಸಿದ್ದರೆ ಹತ್ತೊಂಬತ್ತನೆಯ ಸ್ಥಾನ ಬರುತ್ತಿತ್ತು. ಹತ್ತರಿಂದ ಹದಿನಾಲ್ಕು, ನಾಲ್ಕು ದಿನ. ಅವನು ಇದನ್ನು ಮೊದಲು ಹೇಳಬಾರದು ಎಂದುಕೊಂಡಿದ್ದ. ಆಮೇಲೆ ಹೇಳಿದ. ಪೂನಮ್ ಆ ಲೆಕ್ಕವನ್ನು ತಾನೂ ಮಾಡಿ ನೋಡಿ, ಸರಿ ಇದೆ ಎಂದಳು.  

ಮರುದಿನ ಶನಿವಾರ ಮಧ್ಯಾಹ್ನ ಅಮೆರಿಕ ನಿಜಕ್ಕೂ ಹೊಡೆದ ಸುದ್ದಿ ಬಂತು. ಹೊಡೆದದ್ದು ವೆನೆಜುವೆಲಾವನ್ನು. ಭೀಮಶ್ಯಾನ ಹೋಟೆಲಿನಲ್ಲಿ ಆ ಹೊತ್ತಿಗೆ ಯುಗಾದಿ. ಪೂನಮ್ ಬಸ್ಸಿನಿಂದ ಇಳಿಯುವುದನ್ನೇ ಕಾದಿದ್ದ ಅವನು ಗಲ್ಲೆ ಬಿಟ್ಟು ರಸ್ತೆಗೆ ಬಂದ.

“ಏನ್ರಿ ಮೇಡಂ? ನಾ ಏನ್ ಅಂದಿದ್ದೆ?”

ಪ್ರಶ್ನೆ ಇದ್ದದ್ದು ಮೆಕ್ಸಿಕೊ ಬಗ್ಗೆ, ಅದೂ ಡಿಸೆಂಬರ್ ಮೂವತ್ತೊಂದರೊಳಗೆ ಎಂದು ಅವಳು ಹೇಳಿದಳು. ಎರಡೂ ಒಂದೇ ದಿಕ್ಕಿನಲ್ಲಿವೆ, ಹೊಡೆದದ್ದು ಹೊಡೆದದ್ದೇ, ಬಾಜೂ ಹೊಲವಾದರೇನು ಎಂದ ಭೀಮಶ್ಯಾ.

“ನಂಬರ್ ಬಿದ್ದ ಹೊಲ ಅದಲ್ಲ, ಅಣ್ಣಾ,” ಎಂದಳು ಪೂನಮ್.

ಅವನು ಚಹಾ ಕುಡಿಸಿಯೇ ಕಳಿಸಿದ. ಗೆದ್ದವರು ಕುಡಿಸಬೇಕು ಎಂಬುದು ಅವನ ವಾದ. ಅವಳು ಕುಡಿದಳು, ಅದರ ಮೇಲೆ ವಾದಿಸಲಿಲ್ಲ.

ಒಂದು ವಾರದ ಮೇಲೆ ತಾಣದವರಿಂದ ಪತ್ರ ಬಂತು. ಪೂನಮ್‌ಳ ಹೆಸರು ಕಾಯುವ ಪಟ್ಟಿಯಲ್ಲಿ ಮೊದಲನೆಯದು. ಇಪ್ಪತ್ತು ಮಂದಿಯಲ್ಲಿ ಯಾರಾದರೂ ಫೆಬ್ರುವರಿ ಹದಿನೈದರೊಳಗೆ ಕೆಲಸ ಬೇಡವೆಂದರೆ ಅದು ಅವಳದು. ಪೋಲೆಂಡಿನವನಿಗೆ ಹೇಗೂ ಹಲ್ಲು ಕೀಳುವ ಕೆಲಸ ಇದೆಯಲ್ಲ ಎಂದು ಕಪಿಲ ವಾಡಿಯಿಂದ ಫೋನಿನಲ್ಲಿ ಸಮಾಧಾನ ಹೇಳಿದ. ವೇಟಿಂಗ್ ಲಿಸ್ಟು ಎಂದಾಗ ಶಿವಕಾಂತಮ್ಮನವರಿಗೆ ಅರ್ಥವಾದದ್ದು ಒಂದೇ.

“ವಾಡಿ ಸ್ಟೇಷನ್ನಿನಾಗ ವೇಟಿಂಗ್ ಟಿಕೇಟ್ ಇದ್ರೂ ಗಾಡಿ ಏರ್ತಾರ. ಇವ್ರು ಏರಿಸಿಕೋತಾರೇನು, ಕೇಳು.”

ಪೂನಮ್ ಕೇಳಲಿಲ್ಲ. ಕಾಯುವ ಪಟ್ಟಿಯ ಮೊದಲನೆಯವರಿಗೆ ಕೆಲಸ ಸಿಕ್ಕ ಹಿಂದಿನ ವರ್ಷಗಳ ಲೆಕ್ಕ ತೆಗೆದಳು. ಆರು ವರ್ಷಗಳಲ್ಲಿ ಎರಡು ಸಲ. ನೋಟುಪುಸ್ತಕದ ಹೊಸ ಹಾಳೆಯಲ್ಲಿ ನೂರಕ್ಕೆ ಮೂವತ್ತಮೂರು ಎಂದು ಬರೆದು, ಅತ್ತೆಯ ಮುಂದೆ ಹಿಡಿದಳು. ಅವರು ಸಹಿ ಮಾಡಿದರು.

ತಾಣದ ಈ ವರ್ಷದ ಸುತ್ತು ಫೆಬ್ರುವರಿ ಎರಡರಂದು ಸೋಮವಾರ ಶುರುವಾಗುತ್ತದೆ. ಪೂನಮ್ ಅದಕ್ಕೂ ಹೆಸರು ಹಚ್ಚಿದ್ದಾಳೆ. ಆ ದಿನ ಅವಳಿಗೆ ಐನಾಪುರದಲ್ಲಿ ಎರಡು ಕಡಲೆ ಪ್ಲಾಟುಗಳಿವೆ. ಮೊದಲನೆಯದು ಬೆಳಿಗ್ಗೆ ಎಂಟಕ್ಕೆ.